ಕಾಶಿಯಿಂದ ಶ್ರಾವಸ್ತಿಗೆ ಹಳ್ಳಿ ದಾರಿ: ಬಸ್ಸೋ, ಬಾಡಿಗೆ ಕಾರೋ, ಬೈಕೋ?

ಕಾಶಿ, ಪ್ರಯಾಗ, ಅಯೋಧ್ಯೆ ಇಷ್ಟೇ ನೋಡಿ ಬರುವವರಿಗೆ ವಾಹನದ ಚಿಂತೆ ಹೆಚ್ಚಿಲ್ಲ. ಮೂರೂ ಊರಿಗೆ ರೈಲಿದೆ, ನಾಲ್ಕು ಪಥದ ಹೆದ್ದಾರಿಯಿದೆ. ಭಾರತ್ ಗೌರವ್ ಪ್ರವಾಸಿ ರೈಲಿನಲ್ಲಿ ಹೋದವರಂತೂ ದಾರಿಯ ಬಗ್ಗೆ ಯೋಚಿಸಬೇಕಾಗಿಯೇ ಇಲ್ಲ. ಅಲ್ಲಿಂದ ಉತ್ತರಕ್ಕೆ, ನೇಪಾಳದ ಗಡಿಯ ತರಾಯಿ ಎಂಬ ತಗ್ಗು ಬಯಲಿನ ಕಡೆಗೆ ಹೊರಟಾಗ ಮಾತ್ರ ಆಯ್ಕೆ ಕಷ್ಟವಾಗುತ್ತದೆ. ಗೋರಖಪುರ, ಬುದ್ಧನ ಮಹಾಪರಿನಿರ್ವಾಣದ ಕುಶಿನಗರ, 1898ರಲ್ಲಿ ಬುದ್ಧನದೆನ್ನಲಾದ ಅಸ್ಥಿಯ ಕರಂಡ ಸಿಕ್ಕ ಪಿಪ್ರಹವಾ, ತುಳಸೀಪುರದ ದೇವಿಪಾಟನ್ ಶಕ್ತಿಪೀಠ, ಬುದ್ಧ ತಂಗುತ್ತಿದ್ದ ಜೇತವನವಿದ್ದ ಶ್ರಾವಸ್ತಿ, ಇವುಗಳ ನಡುವಿನ ಗದ್ದೆ, ಕಬ್ಬು, ಮಾವಿನ ತೋಪಿನ ಹಳ್ಳಿಗಳು. ಶ್ರಾವಸ್ತಿ ಮೂರನೆಯ ತೀರ್ಥಂಕರ ಸಂಭವನಾಥರ ಜನ್ಮಸ್ಥಳವೂ ಹೌದು, ಹಾಗಾಗಿ ಜೈನ ಯಾತ್ರಿಕರೂ ಇತ್ತ ಬರುತ್ತಾರೆ.

ವಾಹನ ಗೊತ್ತು ಮಾಡುವಾಗ ಬಹುತೇಕರು ಒಟ್ಟು ದೂರ ನೋಡುತ್ತಾರೆ, ಹೆದ್ದಾರಿಯ ವೇಗ ನೋಡುತ್ತಾರೆ. ನೋಡಬೇಕಾದದ್ದು ಹೆದ್ದಾರಿ ಬಿಟ್ಟ ಮೇಲಿನ ಹತ್ತು ಕಿಲೋಮೀಟರನ್ನು. ಈ ಸೀಮೆಯಲ್ಲಿ ಗಾಡಿ ಸಿಕ್ಕಿಕೊಳ್ಳುವುದು, ಹೊತ್ತು ಹಾಳಾಗುವುದು, ಜಗಳವಾಗುವುದು ಎಲ್ಲ ಅಲ್ಲೇ. ಆದ್ದರಿಂದ ವಾಹನಕ್ಕಿಂತ ಮೊದಲು ದಾರಿಯ ಮಾತು.

ನಾಲ್ಕು ಬಗೆಯ ದಾರಿ

ಮೊದಲನೆಯದು ಎಕ್ಸ್‌ಪ್ರೆಸ್‌ವೇ ಮತ್ತು ದೊಡ್ಡ ಹೆದ್ದಾರಿ. ಲಖನೌದಿಂದ ಗಾಜಿಪುರದವರೆಗಿನ 341 ಕಿ.ಮೀ. ಪೂರ್ವಾಂಚಲ ಎಕ್ಸ್‌ಪ್ರೆಸ್‌ವೇ 2021ರ ನವೆಂಬರ್‌ನಲ್ಲಿ ತೆರೆಯಿತು. ಅದರಿಂದ ಗೋರಖಪುರಕ್ಕೆ ಹೋಗುವ 91 ಕಿ.ಮೀ. ಕೊಂಡಿ ರಸ್ತೆ 2025ರಲ್ಲಿ ಬಂತು. ಲಖನೌ–ಅಯೋಧ್ಯೆ–ಬಸ್ತಿ–ಗೋರಖಪುರ–ಕುಶಿನಗರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 27 ಕೂಡ ಇದೇ ದರ್ಜೆ. ಇಲ್ಲಿ ಯಾವ ವಾಹನವಾದರೂ ನಡೆಯುತ್ತದೆ, ಹಳ್ಳಿ ಮಾತ್ರ ಕಾಣುವುದಿಲ್ಲ.

ಎರಡನೆಯದು ಎರಡು ಪಥದ ಹಳೆಯ ಹೆದ್ದಾರಿ. ಗಡಿಗೆ ಸಮಾನಾಂತರವಾಗಿ ಸಿದ್ಧಾರ್ಥನಗರ, ಬಢನಿ, ತುಳಸೀಪುರ, ಬಲರಾಮ್‌ಪುರ, ಶ್ರಾವಸ್ತಿ, ಬಹರಾಯಿಚ್ ಮೇಲೆ ಹೋಗುವ ಹೆದ್ದಾರಿ 730 ಇದಕ್ಕೆ ಒಳ್ಳೆಯ ಉದಾಹರಣೆ. ಡಾಂಬರು ಚೆನ್ನಾಗಿದ್ದರೂ ಪ್ರತಿ ಬಜಾರಿನಲ್ಲಿ ವೇಗ ಸತ್ತುಹೋಗುತ್ತದೆ. ಗಂಟೆಗೆ 35ರಿಂದ 40 ಕಿ.ಮೀ. ಎಂದು ಲೆಕ್ಕ ಹಾಕಿ. ನಕ್ಷೆ ಎರಡು ಗಂಟೆ ಎಂದರೆ ಮೂರು ಎಂದುಕೊಳ್ಳಿ.

ಮೂರನೆಯದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ. 2000ದ ಡಿಸೆಂಬರ್‌ನಲ್ಲಿ ಶುರುವಾದ ಈ ಯೋಜನೆಯ ರಸ್ತೆಗಳಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಓಡಾಟ ಕಡಿಮೆ ಇರುವ ಕಡೆ 3 ಮೀಟರ್. ಬೊಲೆರೊದ ಅಗಲ 1.74 ಮೀಟರ್. ಎದುರುಬದುರು ಎರಡು ಬೊಲೆರೊ ಬಂದರೆ ಉಳಿಯುವುದು ಒಂದು ಗೇಣು ಜಾಗ, ಅಂದರೆ ಒಂದು ಗಾಡಿ ಮಣ್ಣಿಗೆ ಇಳಿಯಲೇಬೇಕು. ಬೇಸಿಗೆಯಲ್ಲಿ ಇಳಿದರೆ ಧೂಳು, ಅಷ್ಟೆ. ಮಳೆಗಾಲದಲ್ಲಿ ಆ ಅಂಚು ತರಾಯಿಯ ಅಂಟು ಮಣ್ಣು. ಎಡಗಡೆಯ ಚಕ್ರಗಳು ಇಳಿದವೆಂದರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಎದುರು ಬರುವುದು ಕಬ್ಬಿನ ಟ್ರಾಲಿಯಾದರೆ ಇಳಿಯಬೇಕಾದವರು ನೀವೇ, ಅದರಲ್ಲಿ ಚರ್ಚೆಯಿಲ್ಲ.

ನಾಲ್ಕನೆಯದು ಹಳ್ಳಿಯ ಒಳಗಿನ ದಾರಿ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಹಾಸಿದ ಓಣಿಗೆ ಅಲ್ಲಿನವರು ಖಡಂಜಾ ಎನ್ನುತ್ತಾರೆ. ಈಗ ಹಲವು ಕಡೆ ಇಂಟರ್‌ಲಾಕಿಂಗ್ ಟೈಲ್ಸ್ ಬಂದಿದೆ. ಹೊಲಗಳ ನಡುವಿನ ಮಣ್ಣು ದಾರಿ ಚಕ್ ರೋಡ್. ಕಾಲುವೆ ಏರಿಯ ಮೇಲಿನದು ನಹರ್ ಪಟರಿ. ಖಡಂಜಾ ಒಣಗಿದ್ದಾಗ ಕುಲುಕಾಟ, ಒದ್ದೆಯಾದಾಗ ಪಾಚಿ. ಅದರ ಎರಡೂ ಬದಿಗೆ ಮುಚ್ಚಳವಿಲ್ಲದ ಚರಂಡಿ ಇರುವುದರಿಂದ ಕಾರು ತಿರುಗಿಸಲು ಜಾಗ ಸಿಗುವುದಿಲ್ಲ. ಒಳಗೆ ನುಗ್ಗಿ ರಿವರ್ಸ್‌ನಲ್ಲಿ ಅರ್ಧ ಕಿ.ಮೀ. ಬರುವ ಬದಲು ಊರ ಮುಂದಿನ ಆಲದಡಿ ಅಥವಾ ಶಾಲೆಯ ಬಳಿ ನಿಲ್ಲಿಸಿ ನಡೆದು ಹೋಗುವುದು ಮೇಲು.

ನಕ್ಷೆಯ ಆ್ಯಪಿಗೆ ಈ ನಾಲ್ಕೂ ಒಂದೇ ಬಣ್ಣದ ಗೆರೆ. ಐದು ಕಿ.ಮೀ. ಉಳಿಯುತ್ತದೆ ಎಂದು ಅದು ನಹರ್ ಪಟರಿಗೆ ತಿರುಗಿಸುವುದುಂಟು. 2024ರ ನವೆಂಬರ್‌ನಲ್ಲಿ ಬರೇಲಿ–ಬದಾಯೂಂ ನಡುವೆ ನಕ್ಷೆ ನಂಬಿ ಹೋದ ಕಾರು, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗೆಗೆ ಬಿದ್ದು ಮೂವರು ಸತ್ತರು. ತಿರುವಿನಲ್ಲಿ ನಿಲ್ಲಿಸಿ ಚಹಾ ಅಂಗಡಿಯಲ್ಲಿ ಕೇಳಿ. ಕೇಳುವ ರೀತಿಯೂ ಮುಖ್ಯ. ‘ಇದು ಅಲ್ಲಿಗೆ ಹೋಗುವ ದಾರಿಯೇ?’ ಎಂದರೆ ಹೌದು ಎನ್ನುತ್ತಾರೆ, ಏಕೆಂದರೆ ಸೈಕಲ್ ಹೋಗುತ್ತದೆ. ‘ಭೈಯಾ, ಚಾರ್ ಪಹಿಯಾ ನಿಕಲ್ ಜಾಯೇಗೀ?’ (ಅಣ್ಣಾ, ನಾಲ್ಕು ಚಕ್ರದ ಗಾಡಿ ದಾಟುತ್ತದೆಯೇ?) ಎಂದು ಕೇಳಬೇಕು. ಇಬ್ಬರನ್ನು ಕೇಳಿ, ಇಬ್ಬರಲ್ಲಿ ಒಬ್ಬರು ಟ್ರ್ಯಾಕ್ಟರ್ ಓಡಿಸುವವರಾದರೆ ಇನ್ನೂ ಒಳ್ಳೆಯದು.

ನಕ್ಷೆ ಹೇಳದ ಇನ್ನೂ ಎರಡು ಸಂಗತಿಗಳಿವೆ. ಗಂಗೆ, ಘಾಘರಾ ನದಿಗಳಿಗೆ ಹಲವೆಡೆ ಪೀಪಾ ಪುಲ್, ಅಂದರೆ ಕಬ್ಬಿಣದ ತೇಲುಪೀಪಾಯಿಗಳ ಮೇಲಿನ ತಾತ್ಕಾಲಿಕ ಸೇತುವೆ ಇರುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ, ಜೂನ್ ಮಧ್ಯದಲ್ಲಿ, ಅದನ್ನು ಬಿಚ್ಚುತ್ತಾರೆ. ನೀರು ಇಳಿದ ಮೇಲೆ, ನವೆಂಬರ್ ಸುಮಾರಿಗೆ, ಮತ್ತೆ ಜೋಡಿಸುತ್ತಾರೆ. ಸೇತುವೆ ಇದ್ದಾಗಲೂ ಎರಡೂ ದಡದ ಮರಳಿನಲ್ಲಿ ಹಾಸಿದ ಕಬ್ಬಿಣದ ತಗಡು ಸರಿದಿದ್ದರೆ ಮುಂಚಕ್ರ ಹೂತುಹೋಗುತ್ತದೆ. ಇನ್ನೊಂದು ರೈಲ್ವೆ ಅಂಡರ್‌ಪಾಸ್. ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಆರಂಭದೊಳಗೆ ತೆಗೆದುಹಾಕುವಾಗ ಹಲವು ಕಡೆ ಹಳಿಯಡಿ ಕಿರುದಾರಿ ಕೊರೆದರು. ಮಳೆ ಬಂದರೆ ಅದು ಹೊಂಡ. ಬೈಕಿನವರು ದಾಟಿದ್ದನ್ನು ನೋಡಿ ಕಾರು ಇಳಿಸಬೇಡಿ, ನೀರು ಸೈಲೆನ್ಸರ್ ಮುಟ್ಟಿದರೆ ಎಂಜಿನ್ ನಿಲ್ಲಬಹುದು, ನಿಂತಲ್ಲಿ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಒಳಗೆ ಎಳೆದು ಪೂರ್ತಿ ಕೆಡಬಹುದು. ಮೇಲೆ ಕ್ಯಾರಿಯರ್ ತುಂಬ ಲಗೇಜು ಕಟ್ಟಿದ ಟೆಂಪೊ ಟ್ರಾವೆಲರ್ ಆದರೆ ಎತ್ತರದ ಫಲಕವನ್ನೂ ನೋಡಿಕೊಳ್ಳಬೇಕು.

ರೋಡ್‌ವೇಸ್ ಬಸ್ಸು ಮತ್ತು ಸವಾರಿ ಗಾಡಿ

ಉತ್ತರ ಪ್ರದೇಶದ ಸರ್ಕಾರಿ ಬಸ್ಸಿಗೆ ಅಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ‘ರೋಡ್‌ವೇಸ್’. ಕಾಶಿಯ ಕ್ಯಾಂಟ್ ರೈಲು ನಿಲ್ದಾಣದ ಎದುರಿಂದಲೇ ಗೋರಖಪುರಕ್ಕೆ ಬಸ್ಸುಗಳು ಸಿಗುತ್ತವೆ. ಎ.ಸಿ. ಬೇಕಾದರೆ ಜನರಥ. 2023ರ ಪರಿಷ್ಕರಣೆಯಲ್ಲಿ ಸಾಮಾನ್ಯ ಬಸ್ಸಿನ ದರ ಕಿ.ಮೀ.ಗೆ 1.30 ರೂಪಾಯಿ ಆಗಿತ್ತು. ಆ ಲೆಕ್ಕದಲ್ಲಿ ಇಡೀ ಸುತ್ತು ಒಬ್ಬರಿಗೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಬೇರೆ ಯಾವ ಆಯ್ಕೆಯೂ ಇದರ ಹತ್ತಿರ ಬರುವುದಿಲ್ಲ.

ಬಸ್ಸು ಮುಖ್ಯ ಊರಿಂದ ಮುಖ್ಯ ಊರಿಗೆ ಮಾತ್ರ. ಅಲ್ಲಿಂದ ಹಳ್ಳಿಗೆ ಮ್ಯಾಜಿಕ್ ಎಂಬ ಸಣ್ಣ ವ್ಯಾನು, ಟೆಂಪೊ, ಹಳೆಯ ಜೀಪು, ಇ-ರಿಕ್ಷಾ. ಪರವಾನಗಿ ಇಲ್ಲದೆ ಬಸ್ಸಿನ ದಾರಿಯಲ್ಲೇ ಓಡುವ ಗಾಡಿಗೆ ಡಗ್ಗಾಮಾರ್ ಎಂಬ ಅಡ್ಡಹೆಸರು. ಇವಕ್ಕೆ ವೇಳಾಪಟ್ಟಿ ಇಲ್ಲ. ಸವಾರಿ, ಅಂದರೆ ಪ್ರಯಾಣಿಕರು, ಭರ್ತಿಯಾದಾಗ ಹೊರಡುತ್ತವೆ. ತುರ್ತಿದ್ದರೆ ಖಾಲಿ ಸೀಟಿನ ದುಡ್ಡು ಕೊಟ್ಟು ಹೊರಡಿಸಬಹುದು, ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಇ-ರಿಕ್ಷಾಗೆ ಕಾನೂನಿನ ಪ್ರಕಾರ ನಾಲ್ಕು ಜನ, 40 ಕೆ.ಜಿ. ಸಾಮಾನು, 25 ಕಿ.ಮೀ. ವೇಗ. ಐದಾರು ಕಿ.ಮೀ.ಗೆ ಅದು ಸರಿ. ಹೆದ್ದಾರಿಯಲ್ಲಿ ಹದಿನೈದು ಕಿ.ಮೀ. ಅದರಲ್ಲಿ ಹೋಗಬೇಡಿ: ಚಕ್ರ ಚಿಕ್ಕದು, ಮೇಲ್ಭಾಗ ಎತ್ತರ, ಲಾರಿ ಪಕ್ಕದಲ್ಲಿ ಹಾದರೆ ವಾಲುತ್ತದೆ.

ಬಸ್ಸಿನವರು ಮೋಸಹೋಗುವುದು ವಾಪಸ್ ಬರುವ ಹೊತ್ತಿನಲ್ಲಿ. ಬೆಳಿಗ್ಗೆ ಹಳ್ಳಿಯಿಂದ ಪೇಟೆಗೆ, ಸಂಜೆ ಪೇಟೆಯಿಂದ ಹಳ್ಳಿಗೆ, ಇದು ಗಾಡಿಗಳ ಹರಿವು. ನೀವು ಹೋಗುವುದು ಅದರ ಉಲ್ಟಾ. ನಾಲ್ಕು ಗಂಟೆಯ ಮೇಲೆ ಹಳ್ಳಿಯಿಂದ ಹೊರಗೆ ಬರುವ ಸವಾರಿ ಗಾಡಿ ಸಿಗುವುದು ಕಷ್ಟ. ಇಳಿಯುವಾಗಲೇ ‘ಆಖಿರೀ ಗಾಡೀ ಕಿತ್ನೇ ಬಜೇ?’ (ಕೊನೆಯ ಗಾಡಿ ಎಷ್ಟು ಗಂಟೆಗೆ?) ಎಂದು ಕೇಳಿ, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ರಸ್ತೆಗೆ ಬನ್ನಿ. ಲಗೇಜು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟೇ ಇರಲಿ. ಚಿಲ್ಲರೆಗೆ ಅಲ್ಲಿ ಫುಟ್ಕರ್ ಎನ್ನುತ್ತಾರೆ. ಹತ್ತು ಇಪ್ಪತ್ತರ ನೋಟುಗಳ ಒಂದು ಕಟ್ಟು ಬೇಕು, ಸಿಗ್ನಲ್ ಇಲ್ಲದ ಕಡೆ ಯು.ಪಿ.ಐ. ಕೈಕೊಡುತ್ತದೆ. ರಕ್ಷಾಬಂಧನದ ದಿನ ರೋಡ್‌ವೇಸ್‌ನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ. ಕಾಲಿಡಲು ಜಾಗವಿರುವುದಿಲ್ಲ, ಆ ದಿನ ಪಯಣ ಬೇಡ.

ಶ್ರಾವಸ್ತಿ, ಕುಶಿನಗರ ಮಾತ್ರ ಸಾಕು ಎನ್ನುವವರಿಗೆ ಬಸ್ಸು ಧಾರಾಳ. ಕುಶಿನಗರ ಗೋರಖಪುರದಿಂದ 53 ಕಿ.ಮೀ., ಹೆದ್ದಾರಿಯ ಪಕ್ಕದಲ್ಲೇ. ಶ್ರಾವಸ್ತಿಯ ಸಹೇಟ್, ಅಂದರೆ ಜೇತವನ, ಬಲರಾಮ್‌ಪುರದಿಂದ 17 ಕಿ.ಮೀ., ಬಹರಾಯಿಚ್ ರಸ್ತೆಯಲ್ಲೇ ಇದೆ. ಪಿಪ್ರಹವಾ, ತುಳಸೀಪುರದ ಉತ್ತರಕ್ಕೆ ಸುಹೇಲ್‌ವಾ ಕಾಡಂಚಿನ ಥಾರು ಬುಡಕಟ್ಟಿನ ಹಳ್ಳಿಗಳು, ಘಾಘರಾ ದಡದ ಊರುಗಳು ಬೇಕೆಂದರೆ ಬಸ್ಸು ನಂಬಿ ಹೊರಡುವುದು ನಿರುದ್ಯೋಗಿಗಳಿಗೆ ಮಾತ್ರ ಸಾಧ್ಯ.

ಚಾಲಕನಿರುವ ಬಾಡಿಗೆ ಕಾರು

ಮನೆಮಂದಿ ನಾಲ್ಕು ಜನ, ಜೊತೆಗೆ ವಯಸ್ಸಾದವರು ಎಂದಾದರೆ ನಮ್ಮ ಓಟು ಇದಕ್ಕೇ. ಆದರೆ ಎಲ್ಲಿಂದ ಬಾಡಿಗೆ ಹಿಡಿಯುತ್ತೀರಿ ಎಂಬುದರ ಮೇಲೆ ಖರ್ಚು ನಿಂತಿದೆ.

ಕಾಶಿಯಲ್ಲಿ ಹಿಡಿದು ಲಖನೌದಲ್ಲಿ ಬಿಟ್ಟರೆ ಗಾಡಿ ಖಾಲಿ ವಾಪಸಾಗುವ ದೂರಕ್ಕೂ ದುಡ್ಡು ನಿಮ್ಮದೇ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ, ಕಾಶಿಯಿಂದಲೂ ರೈಲಿದೆ. ಗೋರಖಪುರದಲ್ಲಿ ಗಾಡಿ ಹಿಡಿದು ಕುಶಿನಗರ ನೋಡಿ ಬಂದು, ಸಿದ್ಧಾರ್ಥನಗರ, ಪಿಪ್ರಹವಾ, ತುಳಸೀಪುರ, ಬಲರಾಮ್‌ಪುರ, ಶ್ರಾವಸ್ತಿ, ಗೋಂಡಾ, ಅಯೋಧ್ಯೆ, ಬಸ್ತಿ ಸುತ್ತಿ ಮತ್ತೆ ಗೋರಖಪುರದಲ್ಲೇ ಬಿಟ್ಟರೆ ಸುಮಾರು 600 ಕಿ.ಮೀ. ಇಲ್ಲೊಂದು ಲೆಕ್ಕ ಗಮನಿಸಿ. ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಕಿ.ಮೀ. ಎಂಬ ರೂಢಿಯಿದೆ. ನಾಲ್ಕು ದಿನಕ್ಕೆ 1,000 ಕಿ.ಮೀ.ಗೆ ಬಿಲ್ ಆಗುತ್ತದೆ, ಓಡಿದ್ದು 600. ಹಳ್ಳಿ ಸುತ್ತಾಟದಲ್ಲಿ ದಿನಕ್ಕೆ 150 ಕಿ.ಮೀ. ದಾಟುವುದೇ ಇಲ್ಲವಾದ್ದರಿಂದ ಕಿ.ಮೀ. ದರ ಬೇಡ, ‘ಗಾಡಿ ಮತ್ತು ಚಾಲಕನಿಗೆ ದಿನಕ್ಕಿಷ್ಟು, ಡೀಸೆಲ್ ನಮ್ಮದು’ ಎಂದು ಮಾತಾಡಿ. ಟ್ಯಾಂಕ್ ತುಂಬಿಸಿ ಶುರು, ತುಂಬಿಸಿ ಮುಕ್ತಾಯ. ಟೋಲ್, ಪಾರ್ಕಿಂಗ್, ಚಾಲಕನ ರಾತ್ರಿ ಭತ್ಯೆ, ಅವರು ಮಲಗುವ ಜಾಗ, ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆದು ‘ಹೌದು’ ಎನ್ನಿಸಿಕೊಳ್ಳಿ. ಒಳ ಹಳ್ಳಿಗೆ ಹೋಗುವುದಿದೆ ಎಂಬುದನ್ನೂ ಅಲ್ಲೇ ಬರೆಯಿರಿ. ಖಡಂಜಾ ಎದುರಾದಾಗ ‘ಗಾಡಿ ನಹೀಂ ಜಾಯೇಗೀ’ (ಗಾಡಿ ಹೋಗುವುದಿಲ್ಲ) ಎಂಬ ಜಗಳ ಶೇಕಡಾ ತೊಂಬತ್ತು ಪಾಲು ಮೊದಲೇ ಹೇಳದೇ ಇದ್ದುದರಿಂದ ಆಗುವುದು.

ನಂಬರ್ ಪ್ಲೇಟ್ ಹಳದಿ ಹಲಗೆ, ಕಪ್ಪು ಅಕ್ಷರ ಇರಲೇಬೇಕು. ಪರಿಚಯದವರ ಬಿಳಿ ಪ್ಲೇಟಿನ ಕಾರು ಅಗ್ಗಕ್ಕೆ ಸಿಗುತ್ತದೆ. ಅಪಘಾತವಾದರೆ ವಿಮೆ ಕಂಪನಿ ಬಾಡಿಗೆಗೆ ಓಡಿಸಿದ್ದೆಂದು ಕೈ ಎತ್ತಬಹುದು. ಗಡಿಯ ಪಟ್ಟಿಯಲ್ಲಿ ಸಶಸ್ತ್ರ ಸೀಮಾ ಬಲದ ತಪಾಸಣೆಯೂ ಇರುತ್ತದೆ, ಕಾಗದಪತ್ರ ಸರಿಯಿದ್ದರೆ ಎರಡು ನಿಮಿಷದ ಕೆಲಸ.

ಯಾವ ಕಾರು? ಡಿಸೈರ್‌ನಂಥ ಸೆಡಾನ್‌ಗೆ ನೆಲದಿಂದ ಎತ್ತರ 163 ಮಿ.ಮೀ. ನಾಲ್ವರು ಕೂತು ಡಿಕ್ಕಿ ತುಂಬಿದರೆ ಹಿಂಭಾಗ ಕುಸಿದು, ಹಳ್ಳಿಯವರೇ ಕಟ್ಟಿಕೊಂಡ ಬಣ್ಣವಿಲ್ಲದ ಸ್ಪೀಡ್‌ಬ್ರೇಕರಿಗೆ ಹೊಟ್ಟೆ ತಾಗುತ್ತದೆ. ಬೊಲೆರೊ 180 ಮಿ.ಮೀ., ಹಿಂಚಕ್ರಕ್ಕೆ ಎಂಜಿನ್ ಬಲ, ಯಾವ ಕಸ್ಬೆಯಲ್ಲೂ ರಿಪೇರಿ. ಕುಲುಕಾಟ ಮಾತ್ರ ಹೆಚ್ಚು, ಬೆನ್ನುನೋವಿನವರಿಗೆ ಹೇಳಿ ಮಾಡಿಸಿದ್ದಲ್ಲ. ಎರ್ಟಿಗಾ ನಡುವಿನ ದಾರಿ. ಇನ್ನೋವಾ ಹೆದ್ದಾರಿಗೆ ಸುಖ, 3 ಮೀಟರ್ ರಸ್ತೆಗೆ ಅಗಲ ಜಾಸ್ತಿ. ನಾಲ್ಕು ಜನಕ್ಕೆ ಎರ್ಟಿಗಾ, ಮಳೆಗಾಲದಲ್ಲಾದರೆ ಬೊಲೆರೊ.

ಗೋರಖಪುರದ ಚಾಲಕರಿಗೆ ಬಸ್ತಿವರೆಗೆ ದಾರಿ ಕರತಲಾಮಲಕ, ಬಲರಾಮ್‌ಪುರದ ಒಳದಾರಿ ಗೊತ್ತಿರಬೇಕೆಂದಿಲ್ಲ. ಥಾರು ಹಳ್ಳಿಗಳ ದಿನ ಪಚ್‌ಪೇಡ್‌ವಾ ಅಥವಾ ತುಳಸೀಪುರದಲ್ಲಿ ಕಾರು ನಿಲ್ಲಿಸಿ ಸ್ಥಳೀಯ ಜೀಪು ಹಿಡಿಯುವುದು ಒಳ್ಳೆಯ ಉಪಾಯ. ಅಲ್ಲಿ ಪಹಾಡಿ ನಾಲಾ ಎಂಬ ಬೆಟ್ಟದ ಹಳ್ಳಗಳು ನೇಪಾಳದ ಬೆಟ್ಟದಲ್ಲಿ ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ, ಗಂಟೆಗಳಲ್ಲೇ ರಸ್ತೆ ಮೇಲೆ ಹರಿಯುತ್ತವೆ. ಅದರ ವೇಳೆ ಸ್ಥಳೀಯರಿಗೆ ಮಾತ್ರ ತಿಳಿಯುತ್ತದೆ.

ಸ್ವತಃ ಓಡಿಸುವ ಕಾರು

ಇದು ನಮ್ಮ ಪಟ್ಟಿಯಲ್ಲಿ ಕೊನೆಯದು. ಬಾಡಿಗೆಯ ಸೆಲ್ಫ್ ಡ್ರೈವ್ ಕಾರಿಗೆ ಕಪ್ಪು ಹಲಗೆ, ಹಳದಿ ಅಕ್ಷರ. ಅಂಥ ಕಾರು ದೊಡ್ಡ ಊರಲ್ಲಿ ಮಾತ್ರ ಸಿಗುತ್ತದೆ, ಕೆಟ್ಟರೆ ಬದಲಿ ಗಾಡಿ ಬರುವುದೂ ಅಲ್ಲಿಂದಲೇ. ಓಡಿಸುವವರಿಗೆ ಹಳ್ಳಿ ನೋಡಲು ಕಣ್ಣಿಗೆ ಬಿಡುವಿರುವುದಿಲ್ಲ. ಸಣ್ಣ ತಾಗಾಟವಾದರೂ ಜನ ಸೇರುತ್ತಾರೆ, ಮಾತು ಭೋಜಪುರಿ ಇಲ್ಲವೇ ಅವಧೀ ಭಾಷೆಯಲ್ಲಿ ನಡೆಯುತ್ತದೆ, ಅಲ್ಲಿ ಸ್ಥಳೀಯ ಚಾಲಕರ ನಾಲಿಗೆಯೇ ನಿಮಗೆ ರಕ್ಷಣೆ.

ಬೆಂಗಳೂರಿನಿಂದ ಸ್ವಂತ ಕಾರಿನಲ್ಲೇ ಹೋಗುವವರು ಇದ್ದಾರೆ. ಹಳೆಯ ರಾಷ್ಟ್ರೀಯ ಹೆದ್ದಾರಿ 7 ಕಾಶಿಯಲ್ಲಿ ಶುರುವಾಗಿ ಬೆಂಗಳೂರಿನ ಮೇಲೇ ಕನ್ಯಾಕುಮಾರಿಗೆ ಹೋಗುತ್ತಿತ್ತು. ನಂಬರು ಬದಲಾದರೂ ಹೈದರಾಬಾದ್, ನಾಗಪುರ, ಜಬಲ್‌ಪುರ, ರೀವಾ ದಾರಿ ಅದೇ. ಅವರಿಗೆ ಮೂರು ಮಾತು: ಸ್ಟೆಪ್ನಿಗೆ ಗಾಳಿ, 12 ವೋಲ್ಟ್ ಪಂಪು, ಹತ್ತು ಮೀಟರ್ ಎಳೆಯುವ ಹಗ್ಗ. ಟ್ಯೂಬ್‌ಲೆಸ್ ಟೈರಿಗೆ ಬತ್ತಿ ಹಾಕುವವರು ಹಳ್ಳಿ ತಿರುವಿನಲ್ಲೂ ಇದ್ದಾರೆ, ಆದರೆ ಹೊಂಡದ ಅಂಚಿಗೆ ಬಡಿದು ರಿಮ್ ಬಾಗಿದರೆ ಜಿಲ್ಲಾ ಕೇಂದ್ರದವರೆಗೆ ತೆವಳಬೇಕು. ಕೆ.ಎ. ನಂಬರ್ ನೋಡಿ ಹಳ್ಳಿಯಲ್ಲಿ ಮಾತಾಡಿಸುವವರು ಹೆಚ್ಚು; ಅದು ಲಾಭವೇ.

ಬೈಕು

ಒಬ್ಬರೋ ಇಬ್ಬರೋ, ಅಕ್ಟೋಬರ್ ಕೊನೆಯಿಂದ ನವೆಂಬರ್ ಇಲ್ಲವೇ ಫೆಬ್ರವರಿಯಿಂದ ಮಾರ್ಚ್ ಎಂದಾದರೆ ಹಳ್ಳಿಗೆ ಬೈಕಿನಷ್ಟು ಚೆನ್ನ ಯಾವುದೂ ಇಲ್ಲ. ಖಡಂಜಾ, ಚಕ್ ರೋಡ್, ಪೀಪಾ ಪುಲ್ ಎಲ್ಲಕ್ಕೂ ಸೈ. ಬೇಕೆಂದ ಕಡೆ ನಿಲ್ಲಬಹುದು.

ಬುಲೆಟ್, ಹಿಮಾಲಯನ್‌ಗಳ ಮೋಹ ಇಲ್ಲಿ ಬೇಡ. ಈ ಸೀಮೆಯ ಗಾಡಿ 100 ಸಿ.ಸಿ.ಯ ಸ್ಪ್ಲೆಂಡರ್, ಪ್ಲಾಟಿನಾ. ಕ್ಲಚ್ ಕೇಬಲ್, ಪ್ಲಗ್, ಬ್ರೇಕ್ ಶೂ ಯಾವ ಬಜಾರಿನಲ್ಲೂ ಸಿಗುತ್ತದೆ. ದೊಡ್ಡ ಬೈಕಿನ ಬಿಡಿಭಾಗಕ್ಕೆ ಗೋರಖಪುರ ಅಥವಾ ಲಖನೌದ ಕಡೆ ನೋಡಬೇಕು. ಕಡ್ಡಿಚಕ್ರದ ಗಾಡಿಗೆ ಟ್ಯೂಬ್ ಟೈರು. ಹಾಗಾಗಿ ಮುಂದಿನದೊಂದು, ಹಿಂದಿನದೊಂದು ಟ್ಯೂಬ್ ಜೊತೆಗಿರಲಿ. ಇಲ್ಲಿ ಪಂಕ್ಚರ್‌ಗೆ ದೊಡ್ಡ ಕಾರಣ ಬಬೂಲಿನ, ಅಂದರೆ ಜಾಲಿಯ, ಮುಳ್ಳು, ಅದು ಟೈರಿನಲ್ಲೇ ಮುರಿದು ಉಳಿಯುತ್ತದೆ. ತೇಪೆ ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಲು ಹೇಳಿ. ಇಲ್ಲದಿದ್ದರೆ ಎರಡು ಕಿ.ಮೀ.ಗೆ ಮತ್ತೆ ಅದೇ ಕಥೆ.

ಸ್ವಂತ ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಟ್ಯಾಂಕಿನ ಪೆಟ್ರೋಲು ಪೂರ್ತಿ ಖಾಲಿ ಮಾಡಬೇಕು, ಆರ್.ಸಿ. ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಗೋಣಿ ಸುತ್ತಿಸಬೇಕು. ಕನ್ನಡಿ, ಇಂಡಿಕೇಟರ್ ಬಿಚ್ಚಿಟ್ಟುಕೊಳ್ಳಿ.

ಸಂಕ್ರಾಂತಿಯ ಆಸುಪಾಸು ಕಾಶಿ, ಜೌನ್‌ಪುರ ಸುತ್ತ ಗಾಳಿಪಟದ ಮಾಂಜಾ ದಾರ ರಸ್ತೆಗೆ ಅಡ್ಡಬಿದ್ದು ಕುತ್ತಿಗೆ ಕುಯ್ದ ಸಾವುಗಳಾಗಿವೆ. ಆಗ ಕುತ್ತಿಗೆಗೆ ದಪ್ಪ ಮಫ್ಲರ್, ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆ ಹೊರಡಬಾರದು.

ಸೈಕಲ್ಲೂ ಒಂದು ಆಯ್ಕೆಯೇ, ನೆಲ ಸಪಾಟಾಗಿದೆ. ದಿನಕ್ಕೆ 60 ಕಿ.ಮೀ. ಇಟ್ಟುಕೊಂಡು ಹೆದ್ದಾರಿ ತಪ್ಪಿಸಿ.

ಕಾಲ ನೋಡಿ ಆಯ್ಕೆ ಬದಲಿಸಿ

ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಕೊಹ್ರಾ, ನಮ್ಮಲ್ಲಿ ಊಹಿಸಲಾಗದಷ್ಟು ದಟ್ಟ ಮಂಜು. ಬೆಳಿಗ್ಗೆ ಹತ್ತು ಗಂಟೆಯೊಳಗೆ ರಸ್ತೆಗೆ ಇಳಿಯುವಂತಿಲ್ಲ. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಲೋಬೀಮ್, ಫಾಗ್ ಲ್ಯಾಂಪು, ಕಿಟಕಿ ಒಂದಿಷ್ಟು ಇಳಿಸಿ ಕಿವಿಗೂ ಕೆಲಸ ಕೊಡಬೇಕು. ಕಬ್ಬು ಅರೆಯುವ ಕಾಲವೂ ಇದೇ, ನವೆಂಬರ್‌ನಿಂದ ಏಪ್ರಿಲ್. ಗೋಂಡಾ, ಬಲರಾಮ್‌ಪುರ, ಬಸ್ತಿ, ಕುಶಿನಗರದ ಸಕ್ಕರೆ ಮಿಲ್ಲುಗಳ ಮುಂದೆ ಟ್ರಾಲಿಗಳ ಸಾಲು. ಟ್ರಾಲಿಗೆ ಹಿಂದೀಪ ಇರುವುದಿಲ್ಲ, ಕಬ್ಬು ಎರಡೂ ಬದಿಗೆ ಚಾಚಿರುತ್ತದೆ. ಮಂಜು ಮತ್ತು ಟ್ರಾಲಿ ಸೇರಿದರೆ ಬೈಕು ಬೇಡವೇ ಬೇಡ. ಈ ತಿಂಗಳಲ್ಲಿ ರೈಲು ಮತ್ತು ಮಧ್ಯಾಹ್ನದ ಬಾಡಿಗೆ ಕಾರು, ಅಷ್ಟೇ. ಸಂಕ್ರಾಂತಿಯಿಂದ ಗೋರಖನಾಥ ಮಠದಲ್ಲಿ ಖಿಚಡಿ ಮೇಳ, ಚೈತ್ರ ನವರಾತ್ರಿಗೆ ದೇವಿಪಾಟನ್ ಮೇಳ. ಆಗ ಕೋಣೆಯೂ ಗಾಡಿಯೂ ದುಬಾರಿ.

ಮೇ, ಜೂನ್‌ನಲ್ಲಿ ಲೂ ಗಾಳಿ, 42ರಿಂದ 45 ಡಿಗ್ರಿ. ಬೈಕಿನವರು ಬೆಳಿಗ್ಗೆ ಐದರಿಂದ ಹತ್ತು ಮಾತ್ರ. ಮದುವೆ ಕಾಲವೂ ಹೌದು: ಬಾರಾತ್, ಡಿ.ಜೆ. ಲಾರಿ ರಾತ್ರಿ ಬಜಾರು ತಡೆದು ನಿಲ್ಲುತ್ತವೆ. ಜುಲೈನಿಂದ ಸೆಪ್ಟೆಂಬರ್ ರಾಪ್ತಿ, ಘಾಘರಾ ಪ್ರವಾಹ. ಶ್ರಾವಸ್ತಿ, ಬಲರಾಮ್‌ಪುರ, ಸಿದ್ಧಾರ್ಥನಗರದ ಒಳದಾರಿಗಳು ದಿನಗಟ್ಟಲೆ ಮುಳುಗುತ್ತವೆ.

ಎಲ್ಲ ಕಾಲಕ್ಕೂ ಒಂದೇ ನಿಯಮ: ಕತ್ತಲಾಗುವ ಮೊದಲು ತಂಗುದಾಣ ಸೇರಿ. ಬೀಡಾಡಿ ದನಗಳು ರಾತ್ರಿ ಡಾಂಬರಿನ ಬಿಸಿಗೆ ಬಂದು ಮಲಗುತ್ತವೆ. ನೀಲಗಾಯಿ ಹಿಂಡು ಹೊಲದಿಂದ ಹೊಲಕ್ಕೆ ಹಾರುತ್ತದೆ. ಒಂದು ದಾಟಿದರೆ ಹಿಂದೆ ಇನ್ನೂ ಇವೆ ಎಂದೇ ತಿಳಿದು ನಿಲ್ಲಬೇಕು.

ಲುಂಬಿನಿಯನ್ನೂ ಸೇರಿಸುವುದಾದರೆ

ಗೋರಖಪುರದಿಂದ ಸೋನೌಲಿ ಗಡಿ ಸುಮಾರು 100 ಕಿ.ಮೀ. ಭಾರತದ ವಾಹನಕ್ಕೆ ನೇಪಾಳದ ಸುಂಕದ ಕಟ್ಟೆಯಲ್ಲಿ ಭಂಸಾರ್ ಎಂಬ ಸುಂಕ ಕಟ್ಟಬೇಕು, ಆರ್.ಸಿ. ತೋರಿಸಬೇಕು, ದಿನದ ಲೆಕ್ಕ. ಸೆಲ್ಫ್ ಡ್ರೈವ್ ಕಂಪನಿಗಳು ಸಾಮಾನ್ಯವಾಗಿ ಗಡಿ ದಾಟಲು ಬಿಡುವುದಿಲ್ಲ, ಟ್ಯಾಕ್ಸಿಯಾದರೆ ಮೊದಲೇ ಮಾತಾಡಿಕೊಂಡಿರಬೇಕು. ಒಂದೇ ದಿನಕ್ಕಾದರೆ ಕಾರನ್ನು ಈಚೆ ನಿಲ್ಲಿಸಿ, ನಡೆದು ದಾಟಿ, ಆಚೆಯ ಬೇಲಹಿಯಾದಿಂದ ನೇಪಾಳದ ಟ್ಯಾಕ್ಸಿ ಹಿಡಿಯುವುದು ಅಗ್ಗ, ಬೇಗ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಇಟ್ಟುಕೊಳ್ಳಿ, ಆಧಾರ್ ಒಂದನ್ನೇ ನಂಬಬೇಡಿ. ಈಚೆ ಬದಿಯಲ್ಲಿ ಪೊಲೀಸರಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಗಡಿ ಆಚೆ ಈ ಮೂರೂ ನಡೆಯುವುದಿಲ್ಲ.